ಬಸ್ ಕ್ಯಾಮೆರಾ ಕಂಪನಿ: ಆರ್ಡರ್ ಬಂತು, ದುಡ್ಡು ಬಂತೇ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸೋಮವಾರದ ಹಣಕಾಸು ಪುಟವನ್ನು ತಪ್ಪದೆ ಓದುವವಳು ನಾನು. ಆ ಪುಟದ ಕೆಳಗಡೆ ಒಂದು ಸಣ್ಣ ಕಾಲಂ ಬರುತ್ತದೆ. ಇಂಥ ಕಂಪನಿಗೆ ಇಷ್ಟು ಕೋಟಿಯ ಆರ್ಡರ್ ಸಿಕ್ಕಿತು, ಷೇರು ಇಷ್ಟು ಏರಿತು ಅಂತ. ಅದರ ಪಕ್ಕ ಇನ್ನೊಂದು ಸಾಲು ಸೇರಿಸಿ ಎಂದು ಕೇಳಲಿಕ್ಕೆ ಈ ಪತ್ರ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನನ್ನ ಅಕ್ಕನ ಮಗ ಚನ್ನಗಿರಿ ಕಡೆ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಈ ಸಲ ಅಡಿಕೆ ಮಾರಿದ ದುಡ್ಡಿನಲ್ಲಿ ಸ್ವಲ್ಪ ಕೈಯಲ್ಲಿ ಉಳಿದಿದೆ. ಅವನ ಫೋನಿಗೆ ಯಾರೋ ಒಂದು ಸಂದೇಶ ಕಳಿಸಿದ್ದರು. ಬಸ್ಸುಗಳಿಗೆ ಕ್ಯಾಮೆರಾ ಹಾಕಿಕೊಡುವ ಒಂದು ಸಣ್ಣ ಕಂಪನಿ, ಷೇರು ಪೇಟೆಯಲ್ಲಿ ಸಣ್ಣ ಕಂಪನಿಗಳಿಗೆಂದೇ ಇರುವ ಎಸ್‌ಎಂಇ ವೇದಿಕೆಯಲ್ಲಿ ಷೇರು ಬಿಡುತ್ತಿದೆ, ದೇಶದಲ್ಲಿ ಎಷ್ಟು ಬಸ್ ಇದೆಯೋ ಅಷ್ಟೂ ಇವರ ಮಾರುಕಟ್ಟೆ ಅಂತ. "ಚಿಕ್ಕಮ್ಮ, ನೀವು ಬಸ್ ಆಫೀಸಿನಲ್ಲೇ ಇದ್ದವರಲ್ವಾ, ಇದು ಹೇಗೆ ನೋಡಿ ಹೇಳಿ" ಎಂದು ಕೇಳಿದ.

ಹೌದು, ಇದ್ದವಳು. ಸಾರಿಗೆ ಸಂಸ್ಥೆಯೊಂದರ ವಿಭಾಗೀಯ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸರಬರಾಜುದಾರರ ಬಿಲ್ಲು ನನ್ನ ಮೇಜು ದಾಟಿ ಹೋಗಬೇಕಿತ್ತು. ಹಾಗಾಗಿ ಷೇರು ಪೇಟೆ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲದಿದ್ದರೂ, ಈ ಥರದ ಕಂಪನಿಗೆ ದುಡ್ಡು ಹೇಗೆ ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನುವುದು ಚೆನ್ನಾಗಿ ಗೊತ್ತು.

ಸಂದೇಶದಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ. 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಓಡುವ ಬಸ್ಸಿನಲ್ಲಿ ನಡೆದ ಆ ಘೋರದ ನಂತರ ಬಸ್ಸಿನೊಳಗಿನ ಸುರಕ್ಷತೆ ದೇಶದ ಮಾತಾಯಿತು. 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯಿಂದ ನಿರ್ಭಯಾ ನಿಧಿ ಶುರುವಾಯಿತು. ಆ ಹಣದಲ್ಲಿ ಎಷ್ಟೋ ಊರುಗಳ ಬಸ್ಸಿಗೆ ಕ್ಯಾಮೆರಾ ಬಂದವು, ನಮ್ಮ ಬಿಎಂಟಿಸಿ ಬಸ್ಸುಗಳಿಗೂ ಬಂದವು. ಆಮೇಲೆ ಪ್ರಯಾಣಿಕ ವಾಹನಗಳಿಗೆ ಜಿಪಿಎಸ್, ಪ್ಯಾನಿಕ್ ಬಟನ್ ಕಡ್ಡಾಯ ಮಾಡುವ ಎಐಎಸ್-140 ನಿಯಮ ಬಂತು. ಈಗ ಇ-ಬಸ್. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರೊಂದಕ್ಕೇ 4,500 ಬಸ್ ಹಂಚಿಕೆಯಾಗಿದೆ. ಹೊಸ ಬಸ್ಸಿನ ಟೆಂಡರಿನಲ್ಲಿ ಕ್ಯಾಮೆರಾ ಬಸ್ಸಿನ ಜೊತೆಗೇ ಬರಬೇಕು ಅಂತ ಬರೆದಿರುತ್ತದೆ. ಬೇಡಿಕೆ ಇದೆ, ಅದರಲ್ಲಿ ಅನುಮಾನ ಇಲ್ಲ.

ನನ್ನ ತಕರಾರು ಬೇಡಿಕೆ ಬಗ್ಗೆ ಅಲ್ಲ. ಬಿಲ್ಲಿನ ಸರದಿ ಬಗ್ಗೆ.

ಸಾರಿಗೆ ಸಂಸ್ಥೆಯಲ್ಲಿ ಹಣ ಬಂದಾಗ ಯಾರಿಗೆ ಮೊದಲು ಅನ್ನುವುದಕ್ಕೆ ಬರೆದಿಟ್ಟ ನಿಯಮ ಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ. ಮೊದಲು ಸಂಬಳ. ಚಾಲಕ ನಿರ್ವಾಹಕರ ಸಂಬಳ ತಡವಾದರೆ ಮರುದಿನ ಬೆಳಗ್ಗೆಯೇ ಡಿಪೊ ಗೇಟಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಡೀಸೆಲ್. ಟ್ಯಾಂಕರ್ ಬರದಿದ್ದರೆ ಬಸ್ ಹೊರಡುವುದಿಲ್ಲ. ಆಮೇಲೆ ಅಪಘಾತ ಪರಿಹಾರ. ಅದನ್ನು ಕಟ್ಟದಿದ್ದರೆ ಕೋರ್ಟಿನ ಅಮೀನರು ಬಂದು ಬಸ್ ನಿಲ್ದಾಣದಲ್ಲೇ ಬಸ್ಸು ಜಪ್ತಿ ಮಾಡುತ್ತಾರೆ, ಪ್ರಯಾಣಿಕರು ಇಳಿದು ನಿಲ್ಲಬೇಕಾಗುತ್ತದೆ, ಮರುದಿನ ನಿಮ್ಮ ಪೇಪರಿನಲ್ಲೇ ಫೋಟೊ ಬರುತ್ತದೆ. ಆಮೇಲೆ ಟಯರು, ಬ್ಯಾಟರಿ, ಬ್ರೇಕ್ ಲೈನರ್. ಇವು ಇಲ್ಲದಿದ್ದರೂ ಗಾಡಿ ನಿಲ್ಲುತ್ತದೆ.

ಕ್ಯಾಮೆರಾ ಬಿಲ್ಲು? ಕ್ಯಾಮೆರಾ ಇಲ್ಲದಿದ್ದರೂ ಬಸ್ಸು ಓಡುತ್ತದೆ. ಆ ವ್ಯಾಪಾರದ ಕಷ್ಟವೆಲ್ಲ ಇದರಲ್ಲೇ ಇದೆ.

ಸರಬರಾಜುದಾರರ ಕಡೆಯ ಹುಡುಗ ಒಬ್ಬ ಬರುತ್ತಿದ್ದ. ಫೈಲು ಎಲ್ಲಿದೆ ಅಂತ ಕೇಳಲಿಕ್ಕೆ. ಫೈಲಿನಲ್ಲಿ ಒಂದಲ್ಲ ಒಂದು ಕೊರತೆ ಇದ್ದೇ ಇರುತ್ತಿತ್ತು. ಮಾಲು ಉಗ್ರಾಣಕ್ಕೆ ಬಂದಿರುತ್ತದೆ, ಆದರೆ ಅಳವಡಿಸಿದ ಬಗ್ಗೆ ಡಿಪೊ ಮ್ಯಾನೇಜರ್ ಸಹಿ ಇರುವುದಿಲ್ಲ. ಸಹಿ ಇದ್ದರೆ ನಾಲ್ಕು ಡಿಪೊಗಳಲ್ಲಿ ಮೂರರದ್ದು ಮಾತ್ರ ಇರುತ್ತದೆ. ನಾಲ್ಕನೇ ಡಿಪೊದಲ್ಲಿ ಎರಡು ಬಸ್ಸು ಅಪಘಾತವಾಗಿ ವರ್ಕ್‌ಶಾಪಿನಲ್ಲಿ ನಿಂತಿವೆ, ಅವಕ್ಕೆ ಕ್ಯಾಮೆರಾ ಹಾಕಿಲ್ಲ. ಹಾಗಾಗಿ ಪೂರ್ತಿ ಬಿಲ್ಲು ಪಾಸಾಗುವುದಿಲ್ಲ. ತಾಂತ್ರಿಕ ಶಾಖೆಯವರು ಲೆಕ್ಕಪತ್ರ ಶಾಖೆಗೆ ಕಳಿಸುತ್ತಾರೆ, ನಾವು ಪ್ರಶ್ನೆ ಬರೆದು ವಾಪಸ್ ಕಳಿಸುತ್ತೇವೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಆಡಿಟ್‌ಗೆ ಉತ್ತರ ಕೊಡಬೇಕಾದವರು ಹಾಗೇ ಕೆಲಸ ಮಾಡುವುದು. ಆದರೆ ಆ ಹುಡುಗನ ಕಂಪನಿಯ ಲೆಕ್ಕದಲ್ಲಿ ಮಾಲು ಕಳಿಸಿದ ದಿನವೇ ಅದು ಮಾರಾಟ ಅಂತ ದಾಖಲಾಗಿರುತ್ತದೆ. ಲಾಭವೂ ದಾಖಲಾಗಿರುತ್ತದೆ. ಪೇಪರಿನಲ್ಲಿ ಬರುವುದು ಆ ಲಾಭ.

ಅಷ್ಟೇ ಅಲ್ಲ. ಕ್ಯಾಮೆರಾ ಮೇಲೆ ಜಿಎಸ್‌ಟಿ ಶೇ 18. ಇನ್‌ವಾಯ್ಸ್ ಬರೆದ ಮುಂದಿನ ತಿಂಗಳು ರಿಟರ್ನ್ ಸಲ್ಲಿಸುವಾಗ, ತಾನು ಕೊಂಡ ಮಾಲಿನ ತೆರಿಗೆ ಕಳೆದು ಉಳಿದದ್ದನ್ನು ಕಂಪನಿ ಕಟ್ಟಲೇಬೇಕು. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಅಂತ ಜಿಎಸ್‌ಟಿಯವರು ಕೇಳುವುದಿಲ್ಲ. ಅಂದರೆ ಬರದ ದುಡ್ಡಿಗೆ ಕೈಯಿಂದ ತೆರಿಗೆ. ಟೆಂಡರ್ ಹಾಕುವಾಗ ಕಟ್ಟಿದ ಮುಂಗಡ ಠೇವಣಿ (ಇಎಂಡಿ) ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ. ಬ್ಯಾಂಕ್ ಗ್ಯಾರಂಟಿಗೆ ಇಟ್ಟ ಠೇವಣಿ ಇನ್ನೊಂದು ಕಡೆ. ಇದನ್ನೆಲ್ಲ ತೂಗಿಸಲಿಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್. ಲಾಭದ ಒಳ್ಳೆಯ ಭಾಗ ಬಡ್ಡಿಗೆ ಹೋಗುತ್ತದೆ.

"ಸಣ್ಣ ಕೈಗಾರಿಕೆಗೆ 45 ದಿನದೊಳಗೆ ಕೊಡಬೇಕು ಅಂತ ಕಾನೂನೇ ಇದೆಯಲ್ಲ" ಎಂದ ಅಕ್ಕನ ಮಗ. ಓದಿಕೊಂಡೇ ಬಂದಿದ್ದ. ಇದೆ. 2006ರ ಎಂಎಸ್‌ಎಂಇ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತಲೂ ಇದೆ. ಆದರೆ ಬಡ್ಡಿ ಕೇಳಿ ನೋಟಿಸ್ ಕೊಟ್ಟ ಕಂಪನಿಯವರು ಮುಂದಿನ ಟೆಂಡರಿಗೆ ಅದೇ ಕಚೇರಿಯ ಬಾಗಿಲಿಗೆ ಬರಬೇಕಲ್ಲ? ನನ್ನ ಮೇಜಿಗೆ ಅಂಥ ನೋಟಿಸ್ ಬಂದದ್ದು ನೆನಪಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಸಣ್ಣ ಕೈಗಾರಿಕೆಗೆ ಹೊತ್ತಿಗೆ ಸರಿಯಾಗಿ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ. ಲಾಭ ಮಾಡುವ ಖಾಸಗಿ ಕಂಪನಿಗೆ ಇದು ಚುರುಕು ಮುಟ್ಟಿಸುತ್ತದೆ. ನಷ್ಟದಲ್ಲಿರುವ ಸಾರಿಗೆ ಸಂಸ್ಥೆಗೆ ತೆರಿಗೆಯೇ ಇಲ್ಲದಿದ್ದ ಮೇಲೆ ಯಾವ ಬಿಸಿ?

ಸಂಸ್ಥೆಗಳ ಸ್ಥಿತಿ ಗುಟ್ಟೇನಲ್ಲ. 2025ರ ಜನವರಿಯಲ್ಲಿ ನಮ್ಮ ನಾಲ್ಕೂ ನಿಗಮಗಳು ಶೇ 15ರಷ್ಟು ದರ ಏರಿಸಿದವು. ಅದೇ ಹೊತ್ತಿಗೆ ಭವಿಷ್ಯನಿಧಿ, ಇಂಧನ ಬಾಕಿ ತೀರಿಸಲು 2,000 ಕೋಟಿ ಸಾಲ ಎತ್ತಲು ಸರ್ಕಾರ ಒಪ್ಪಿತು. ನೌಕರರ ಪಿಎಫ್, ಡೀಸೆಲ್ ಬಾಕಿಗೇ ಸಾಲ ಮಾಡಬೇಕಾದ ಕಡೆ ಕ್ಯಾಮೆರಾ ಬಿಲ್ಲು ಸರದಿಯಲ್ಲಿ ಎಷ್ಟನೆಯದು ಅಂತ ನೀವೇ ಯೋಚನೆ ಮಾಡಿ. ನಮ್ಮ ರಾಜ್ಯ ಒಂದೇ ಹೀಗೆ ಅಂತ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 38,000ಕ್ಕೂ ಹೆಚ್ಚು ಇ-ಬಸ್ಸುಗಳಿಗಾಗಿ 3,435 ಕೋಟಿಯ ಒಂದು ಯೋಜನೆ ಒಪ್ಪಿತು. ಅದು ಬಸ್ ಕೊಳ್ಳುವ ಹಣವಲ್ಲ. ಸಾರಿಗೆ ಸಂಸ್ಥೆಗಳು ಹೊತ್ತಿಗೆ ಸರಿಯಾಗಿ ಹಣ ಕೊಡದಿದ್ದರೆ ಬಸ್ ಓಡಿಸುವ ಕಂಪನಿಗಳಿಗೆ ತೊಂದರೆ ಆಗಬಾರದು ಅಂತ ಇಟ್ಟ ಭದ್ರತೆ. ಬಸ್ಸಿನ ಕಂಪನಿಗಳೇ ಇಂಥ ಭದ್ರತೆ ಇಲ್ಲದೆ ಮುಂದೆ ಬರಲು ಹಿಂಜರಿಯುತ್ತಿದ್ದವು. ಆ ಬಸ್ಸಿನೊಳಗಿನ ಕ್ಯಾಮೆರಾ ಕಂಪನಿಗೆ ಯಾರ ಭದ್ರತೆ?

ಇನ್ನು ಕ್ಯಾಮೆರಾ ಹಾಕಿದ ಮೇಲಿನ ಕಥೆ. ಇದನ್ನು ಹಣ ಹಾಕುವವರು ಯಾರೂ ಕೇಳುವುದಿಲ್ಲ, ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಮನೆಗೆ ಹಾಕುವ ಸಿಸಿಟಿವಿ ಬೇರೆ, ಬಸ್ಸಿನದು ಬೇರೆ. ಬಸ್ಸಿನಲ್ಲಿ ಚಾಲಕರ ತಲೆ ಮೇಲೋ ಸೀಟಿನ ಹಿಂದೋ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಅದೇ ರೆಕಾರ್ಡರ್. ಬಾಗಿಲಿಗೆ, ಒಳಗೆ, ಮುಂದಿನ ರಸ್ತೆಗೆ ಒಂದೊಂದು ಕ್ಯಾಮೆರಾ. ಎಲ್ಲಕ್ಕೂ ಬಸ್ಸಿನ 24 ವೋಲ್ಟ್ ಬ್ಯಾಟರಿಯೇ ಗತಿ. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಧಡ್ ಅಂತ ಬೀಳುತ್ತದೆ. ಅಗ್ಗದ ರೆಕಾರ್ಡರ್ ಆಗ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಒಳಗಿನ ಡಿಸ್ಕ್ ಎಷ್ಟು ದಿನ ಬಾಳೀತು? ಮೇಲಿಂದ ಹಳ್ಳಿ ರಸ್ತೆಯ ಕುಲುಕಾಟ. ರಾತ್ರಿ ಡಿಪೊದಲ್ಲಿ ತೊಳೆಯುವವರು ನೀರಿನ ಪೈಪು ಹಿಡಿದು ಒಳಗೂ ಹೊಡೆಯುತ್ತಾರೆ. ವೈರು ಕಡಿಯಲಿಕ್ಕೆ ಇಲಿಗಳಿವೆ. ಬಸ್ಸಿನಲ್ಲಿ ಇಲಿ ಎಲ್ಲಿಂದ ಅನ್ನಬೇಡಿ, ಸೀಟಿನಡಿ ಕಡಲೆಕಾಯಿ ಸಿಪ್ಪೆ ಇರುವಷ್ಟು ದಿನ ಇಲಿ ಇರುತ್ತದೆ.

ಒಮ್ಮೆ ಪೊಲೀಸ್ ಠಾಣೆಯಿಂದ ಪತ್ರ ಬಂತು. ಬಸ್ಸು ಹತ್ತುವಾಗ ಒಬ್ಬ ಹೆಂಗಸಿನ ಸರ ಹೋಗಿತ್ತು, ರೆಕಾರ್ಡಿಂಗ್ ಕೊಡಿ ಅಂತ. ಡಿಪೊದ ಎಲೆಕ್ಟ್ರಿಷಿಯನ್ ಡಬ್ಬಿ ಬಿಚ್ಚಲು ಹೋದರೆ ಬೀಗದ ಕೈ ಸಿಗಲಿಲ್ಲ. ಅದು ಸರಬರಾಜುದಾರರ ಹುಡುಗನ ಹತ್ತಿರ ಇತ್ತು, ಅವನು ಕೆಲಸ ಬಿಟ್ಟಿದ್ದ. ಬೀಗ ಒಡೆದು ನೋಡಿದರೆ ರೆಕಾರ್ಡಿಂಗ್ ಇತ್ತು, ತಾರೀಖು ಮಾತ್ರ 01-01-2000 ಅಂತ ತೋರಿಸುತ್ತಿತ್ತು. ಒಳಗಿನ ಗಡಿಯಾರದ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಆ ದಿನದ ದೃಶ್ಯ ಯಾವುದು ಅಂತ ಹುಡುಕಲಿಕ್ಕೆ ಪೊಲೀಸರು, ನಮ್ಮವರು ಸೇರಿ ಗಂಟೆಗಟ್ಟಲೆ ಕುಳಿತರು. ಸಿಕ್ಕಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನನ್ನ ಮೇಜಿಗೆ ಬಂದದ್ದು ದಂಡ ಹಾಕುವ ಟಿಪ್ಪಣಿ. ನಿರ್ವಹಣೆ ಸರಿಯಿಲ್ಲ, ಸರಬರಾಜುದಾರರ ಬಾಕಿ ಬಿಲ್ಲಿನಲ್ಲಿ ಇಷ್ಟು ಕಳೆಯಿರಿ ಅಂತ.

ಹಣ ಹಾಕುವವರು ಗಮನಿಸಬೇಕಾದದ್ದು ಇಲ್ಲಿದೆ. ಟೆಂಡರ್ ಸಿಗುವುದು ಕಡಿಮೆ ದರ ಬರೆದವರಿಗೆ. ಕಡಿಮೆ ದರಕ್ಕೆ ಅಗ್ಗದ ಡಬ್ಬಿ ಹಾಕುತ್ತಾರೆ. ಅದು ವಾರಂಟಿ ಮುಗಿಯುವುದರೊಳಗೆ ಕೆಡುತ್ತದೆ. ರಿಪೇರಿಗೆ ಪ್ರತಿ ಡಿಪೊಗೂ ಹುಡುಗರು ಬೇಕು, ಅವರಿಗೆ ಸಂಬಳ ಬೇಕು, ಬೈಕಿಗೆ ಪೆಟ್ರೋಲ್ ಬೇಕು. ಅದನ್ನು ಉಳಿಸಲಿಕ್ಕೆ ಹೋದರೆ ದಂಡ. ಕೊನೆಗೆ ಬರಬೇಕಾದ ಬಾಕಿಯಲ್ಲಿ ಎಷ್ಟೋ ಭಾಗ ದಂಡದಲ್ಲಿ ಕರಗಿಹೋಗುತ್ತದೆ, ಆದರೆ ಕಂಪನಿಯ ಲೆಕ್ಕದಲ್ಲಿ ಅದು ವರ್ಷಗಟ್ಟಲೆ "ಬರಬೇಕಾದ ಹಣ" ಅಂತಲೇ ಕುಳಿತಿರುತ್ತದೆ. ಬರುವುದಿಲ್ಲ ಅಂತ ಆಫೀಸಿನ ಜವಾನನಿಗೂ ಗೊತ್ತಿರುತ್ತದೆ. ಷೇರು ಕೊಂಡವರಿಗೆ ಮಾತ್ರ ಗೊತ್ತಿರುವುದಿಲ್ಲ.

ಎಲ್ಲ ಗಿರಾಕಿಯೂ ಸಾರಿಗೆ ಸಂಸ್ಥೆಯೇ ಅಂತಲ್ಲ. ಬಸ್ ತಯಾರಿಸುವ ದೊಡ್ಡ ಕಂಪನಿಗೆ ಮಾಲು ಕೊಟ್ಟರೆ ದುಡ್ಡು ಹೆಚ್ಚು ಕಡಿಮೆ ಹೇಳಿದ ಹೊತ್ತಿಗೆ ಬರುತ್ತದೆ, ದರ ಮಾತ್ರ ಹಿಂಡಿಬಿಡುತ್ತಾರೆ. ಶಾಲೆಗಳು ಸಣ್ಣ ಆರ್ಡರ್ ಕೊಟ್ಟರೂ ಶಾಲೆ ಶುರುವಾಗುವ ಹೊತ್ತಿಗೆ ದುಡ್ಡು ಕೊಡುತ್ತವೆ. ಹಾಗಾಗಿ ಒಟ್ಟು ಮಾರಾಟದಲ್ಲಿ ಯಾರ ಪಾಲು ಎಷ್ಟು ಅನ್ನುವುದೇ ಮೊದಲ ಪ್ರಶ್ನೆ ಆಗಬೇಕು. ನನ್ನ ಲೆಕ್ಕಕ್ಕೆ, ಐವತ್ತು ಶಾಲೆಗಳಿಗೆ ಕ್ಯಾಮೆರಾ ಹಾಕಿದ ಕಂಪನಿ ಒಂದು ದೊಡ್ಡ ಸರ್ಕಾರಿ ಆರ್ಡರ್ ಹಿಡಿದ ಕಂಪನಿಗಿಂತ ವಾಸಿ. ಇದಕ್ಕೆ ನನ್ನ ಮಾಜಿ ಸಹೋದ್ಯೋಗಿಗಳು ಬೈದರೂ ಪರವಾಗಿಲ್ಲ.

ಕಂಪನಿ ಕ್ಯಾಮೆರಾ ತಾನೇ ಮಾಡುತ್ತದೋ, ಹೊರಗಿಂದ ತಂದು ಮೇಲೆ ಸ್ಟಿಕ್ಕರ್ ಅಂಟಿಸುತ್ತದೋ ಅನ್ನುವುದೂ ಈಗ ದೊಡ್ಡ ವಿಷಯ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಹೊಸ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಮಾಹಿತಿ ಸೋರಿಕೆ ಆಗಬಾರದು ಅಂತ ತಂದ ನಿಯಮ. ಚೀನಾದಿಂದ ಡಬ್ಬಿ ತರಿಸಿ ಮಾರುತ್ತಿದ್ದವರಿಗೆ ಹಳೆಯ ದಾರಿ ಸುಲಭವಾಗಿ ಉಳಿದಿಲ್ಲ.

ಈಗ ಷೇರು ಪೇಟೆಯ ಕಡೆಯದೊಂದು. ಟ್ರಾಫಿಕ್‌ಸಾಲ್ ಐಟಿಎಸ್ ಅಂತ ನೋಯ್ಡಾದ ಒಂದು ಕಂಪನಿ. ಬಸ್ ಕ್ಯಾಮೆರಾ ಕಂಪನಿ ಅಲ್ಲ, ರಸ್ತೆ ಸಂಚಾರ, ಟೋಲ್ ವ್ಯವಸ್ಥೆಯದು, ಆದರೆ ಅದೇ ಕೇರಿಯದು ಅನ್ನಿ. 2024ರ ಸೆಪ್ಟೆಂಬರ್‌ನಲ್ಲಿ ಮುಂಬೈ ಷೇರು ಪೇಟೆ ಬಿಎಸ್‌ಇಯ ಎಸ್‌ಎಂಇ ವೇದಿಕೆಯಲ್ಲಿ ಸುಮಾರು 45 ಕೋಟಿ ಎತ್ತಲು ಬಂತು. ಜನ 345 ಪಟ್ಟು ಅರ್ಜಿ ಹಾಕಿದರು. ಎತ್ತಿದ ಹಣದಲ್ಲಿ 17.70 ಕೋಟಿ ಒಂದು ಸಾಫ್ಟ್‌ವೇರ್ ಕೊಳ್ಳಲಿಕ್ಕೆ ಅಂತ ಬರೆದಿದ್ದರು. ಅದನ್ನು ಮಾರುವವರ ಬಗ್ಗೆ ದೂರು ಬಂದ ಮೇಲೆ ನೋಡಿದರೆ, ಆ ಮಾರಾಟಗಾರ ಹೆಸರಿಗಷ್ಟೇ ಇರುವ ಕಂಪನಿ ಎಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಂಡುಕೊಂಡಿತು. ಷೇರು ಪಟ್ಟಿಯಾಗುವುದನ್ನು ಬಿಎಸ್‌ಇ ತಡೆಯಿತು. ಡಿಸೆಂಬರ್‌ನಲ್ಲಿ ಹೂಡಿಕೆದಾರರ ಹಣ ವಾಪಸ್ ಕೊಡಿ ಎಂದು ಸೆಬಿ ಆದೇಶಿಸಿತು. ಅದಕ್ಕೆ ಸ್ವಲ್ಪ ಮುಂಚೆ ದೆಹಲಿಯ ಒಂದು ಬೈಕ್ ಶೋರೂಂ ಕಂಪನಿ 12 ಕೋಟಿ ಕೇಳಿದರೆ 4,700 ಕೋಟಿಗೂ ಮೀರಿ ಅರ್ಜಿ ಬಂದಿದ್ದವು. ಎರಡೇ ಶೋರೂಂ, ಬೆರಳೆಣಿಕೆಯ ನೌಕರರು! ಅಷ್ಟು ಅರ್ಜಿದಾರರಲ್ಲಿ ಪ್ರಾಸ್ಪೆಕ್ಟಸ್, ಅಂದರೆ ಷೇರು ಬಿಡುವ ಮುಂಚೆ ಕಂಪನಿ ತನ್ನ ವಿವರ ಬರೆದು ಕೊಡುವ ಪುಸ್ತಕ, ತೆರೆದು ನೋಡಿದವರು ಎಷ್ಟು ಜನ ಅಂತ ನನಗೆ ಕುತೂಹಲ.

ಸೆಬಿ ಆಮೇಲೆ ನಿಯಮ ಬಿಗಿ ಮಾಡಿದೆ. ಷೇರು ಬಿಡುವ ಮುಂಚಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಕನಿಷ್ಠ ಒಂದು ಕೋಟಿ ಕಾರ್ಯಾಚರಣೆ ಲಾಭ ಇರಬೇಕು. ಸಾಮಾನ್ಯ ಹೂಡಿಕೆದಾರರ ಅರ್ಜಿ ಎರಡು ಲಕ್ಷಕ್ಕೂ ಮೇಲಿರಬೇಕು. ಸಣ್ಣವರು ದುಡುಕಿ ನುಗ್ಗಬಾರದು ಅಂತ ಉದ್ದೇಶ. ಆದರೆ ಅಡಿಕೆ ಬೆಳೆಗಾರನ ಕೈಯಲ್ಲಿ ಎರಡು ಲಕ್ಷ ಇರುವುದಿಲ್ಲ ಅಂತ ಅವರಿಗೆ ಯಾರು ಹೇಳಿದರೋ. ಹಾಕಿದ ಮೇಲೆ ಮಾರುವುದೂ ಲಾಟ್ ಲೆಕ್ಕದಲ್ಲೇ, ಅಂದರೆ ಗೊತ್ತುಮಾಡಿದಷ್ಟು ಷೇರಿನ ಗುಂಪಾಗಿಯೇ. ಹತ್ತು ಷೇರು ಮಾರಿ ಗೊಬ್ಬರ ತರುತ್ತೇನೆ ಅನ್ನುವಂತಿಲ್ಲ.

ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಂಪನಿಯ ಪ್ರಾಸ್ಪೆಕ್ಟಸ್ ತೆರೆದೆವು. ನೂರಾರು ಪುಟ. ಮೊದಲ ಪುಟಗಳ ಬಣ್ಣದ ಚಿತ್ರ ಬಿಟ್ಟು ಸೀದಾ ಲೆಕ್ಕದ ಪುಟಕ್ಕೆ ಹೋಗು ಎಂದೆ. ಟ್ರೇಡ್ ರಿಸೀವಬಲ್ಸ್, ಅಂದರೆ ಗಿರಾಕಿಗಳಿಂದ ಬರಬೇಕಾದ ಹಣ, ಅನ್ನುವ ಸಾಲು ಹುಡುಕಿದೆವು. ವರ್ಷದ ಮಾರಾಟದ ಅರ್ಧಕ್ಕಿಂತ ಜಾಸ್ತಿ ಬಾಕಿ ಇತ್ತು. ಅಂದರೆ ಮಾಲು ಕೊಟ್ಟು ದುಡ್ಡು ಬರಲಿಕ್ಕೆ ಸರಾಸರಿ ಆರು ತಿಂಗಳಿಗೂ ಮೀರಿ. ಆ ಬಾಕಿ ಎಷ್ಟು ಹಳೆಯದು ಅಂತ ಅದರ ಟಿಪ್ಪಣಿಯಲ್ಲಿ ಒಂದು ಕೋಷ್ಟಕ ಇರುತ್ತದೆ. ಆರು ತಿಂಗಳೊಳಗಿನದು, ಒಂದು ವರ್ಷದ್ದು, ಮೂರು ವರ್ಷ ಮೀರಿದ್ದು ಅಂತ. ಅಲ್ಲಿ ಎರಡು ವರ್ಷ ದಾಟಿದ ಮೊತ್ತ ಕಡಿಮೆಯೇನಿರಲಿಲ್ಲ. ಆಮೇಲೆ ನಗದು ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಕ್ಯಾಶ್ ಫ್ಲೋ ಪುಟ. ಲಾಭ ಪ್ರತಿ ವರ್ಷ ಏರಿದೆ, ಕಾರ್ಯಾಚರಣೆಯಿಂದ ಬಂದ ನಗದು ಪ್ರತಿ ವರ್ಷ ಮೈನಸ್. ಎತ್ತುವ ಹಣ ಯಾತಕ್ಕೆ ಅಂತ ನೋಡಿದರೆ, ಬಹುಪಾಲು ದುಡಿಯುವ ಬಂಡವಾಳಕ್ಕೆ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲಿಕ್ಕೆ. ಅಂದರೆ ಯಾವುದೋ ಸಾರಿಗೆ ಸಂಸ್ಥೆ ಕೊಡದ ದುಡ್ಡನ್ನು ಇವನ ಅಡಿಕೆ ದುಡ್ಡಿನಿಂದ ತುಂಬಿಸಿಕೊಳ್ಳುವುದು.

ಅವನು ಸ್ವಲ್ಪ ಹೊತ್ತು ಸುಮ್ನೆ ಕುಳಿತ. "ಆದರೂ ಷೇರು ಏರಬಹುದು ಅಲ್ವಾ ಚಿಕ್ಕಮ್ಮ?" ಎಂದ. ಏರಬಹುದು. ಏರುವುದಿಲ್ಲ ಅಂತ ನಾನು ಹೇಳಲಿಲ್ಲ. ಅರ್ಜಿ ಹಾಕುವುದೋ ಬಿಡುವುದೋ ಅವನಿಗೆ ಬಿಟ್ಟಿದ್ದೇನೆ.

ಎಲ್ಲ ಬಸ್ ಕ್ಯಾಮೆರಾ ಕಂಪನಿಯೂ ಹೀಗೇ ಅಂತ ನನ್ನ ಮಾತಲ್ಲ. ಒಳ್ಳೆಯ ಡಬ್ಬಿ ಹಾಕಿ, ಡಿಪೊಗೆ ಹುಡುಗರನ್ನು ಇಟ್ಟು, ಕರೆದರೆ ಸಂಜೆಯೊಳಗೆ ಬರುತ್ತಿದ್ದ ಸರಬರಾಜುದಾರರನ್ನೂ ಕಂಡಿದ್ದೇನೆ. ಅವರ ಫೈಲು ಬೇಗ ಹೋಗುತ್ತಿತ್ತು, ಯಾಕೆಂದರೆ ಡಿಪೊ ಮ್ಯಾನೇಜರೇ ಫೋನ್ ಮಾಡಿ "ಮೇಡಂ, ಅವರದ್ದು ಪಾಸ್ ಮಾಡಿ, ನಮಗೆ ಅವರು ಬೇಕು" ಅನ್ನುತ್ತಿದ್ದರು. ಅಂಥ ಕಂಪನಿ ಷೇರು ಬಿಟ್ಟರೆ ನಾನೇ ನನ್ನ ಗ್ರಾಚ್ಯುಟಿ ದುಡ್ಡಿನಲ್ಲಿ ಸ್ವಲ್ಪ ತೆಗೆದು ಹಾಕಿಯೇನು. ನಿರ್ವಹಣಾ ಒಪ್ಪಂದದಿಂದ ವರ್ಷ ವರ್ಷ ಬರುವ ಆದಾಯ ಎಷ್ಟು, ಕಟ್ಟಿದ ದಂಡ ಎಷ್ಟು ಅನ್ನುವ ಎರಡು ಅಂಕಿ ನೋಡಿದರೆ ಅಂಥವರು ಯಾರು ಅಂತ ತಕ್ಕಮಟ್ಟಿಗೆ ತಿಳಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. "ಇಂಥ ಕಂಪನಿಗೆ 30 ಕೋಟಿಯ ಆರ್ಡರ್" ಎಂದು ಹಾಕುವಾಗ ಅದರ ಪಕ್ಕ ಕಳೆದ ವರ್ಷದ ಮಾರಾಟ ಎಷ್ಟು, ಅದರಲ್ಲಿ ಇನ್ನೂ ಬರಬೇಕಾದದ್ದು ಎಷ್ಟು ಎಂದು ಒಂದು ಸಾಲು ಹಾಕಿ. ಆ ಅಂಕಿ ಪ್ರಾಸ್ಪೆಕ್ಟಸ್‌ನಲ್ಲೂ ವಾರ್ಷಿಕ ವರದಿಯಲ್ಲೂ ಇರುತ್ತದೆ, ನಿಮ್ಮ ವರದಿಗಾರರಿಗೆ ಐದು ನಿಮಿಷದ ಕೆಲಸ. ಜಾಗ ಇಲ್ಲ ಅನ್ನಬೇಡಿ, ಷೇರು ಎಷ್ಟು ಏರಿತು ಅನ್ನುವ ಬಾಣದ ಗುರುತು ತೆಗೆದರೆ ಜಾಗ ಆಗುತ್ತದೆ.

ಪತ್ರ ಉದ್ದವಾಯಿತು. ಕತ್ತರಿಸಲೇಬೇಕು ಅಂತಿದ್ದರೆ ಇಲಿ, ಕಡಲೆಕಾಯಿ ಸಿಪ್ಪೆ ಬಿಡಿ. ಬಿಲ್ಲಿನ ಸರದಿ, ಜಿಎಸ್‌ಟಿ ವಿಷಯ ಮಾತ್ರ ಮುಟ್ಟಬೇಡಿ.

— ನಿವೃತ್ತ ಲೆಕ್ಕಪತ್ರ ಅಧೀಕ್ಷಕಿ, ದಾವಣಗೆರೆ